ಒಡೆದು ನೋಡಿದ ಮೆಟ್ಟುಕತ್ತಿ

ತನಗೊಪ್ಪದ ಸರಕನ್ನು ಪರರಿಗೆ ಒಪ್ಪಿಸದವನು, ಅಗ್ನಿಗೆ ಕೈಮುಗಿಯದೆ ಸುತ್ತಿಗೆ ಎತ್ತದವನು, ಹಳೆಯ ಉಕ್ಕನ್ನು ಹಿರಿಯರಂತೆ ಮನ್ನಿಸುವವನು, ಹೆಂಡತಿಯ ಮಾತನ್ನು ಮೊದಲು ಅಲ್ಲಗಳೆದರೂ ಕಡೆಗೆ ಕೇಳುವವನು. ಇಂಥವನು ಲೋಕಲ್ ರೈಲುಗಳ ಶಹಾಡ್ ನಿಲ್ದಾಣದ ಬಳಿ ತಗಡಿನ ಕುಲುಮೆ ಹೂಡಿರುವ ಕಲಬುರಗಿ ಸೀಮೆಯ ಕಮ್ಮಾರ ಅಂಬಾರಾಯ.

ಮಣ್ಣು ಬಗೆಯುವ ಯಂತ್ರಗಳು ಸವೆದು ಗುಜರಿ ಸೇರಿದಾಗ, ಅವುಗಳ ಬಕೆಟ್ಟಿನ ಅಂಚಿಗೆ ಬಿಗಿದ ಉಕ್ಕಿನ ಪಟ್ಟಿಯನ್ನು ಆರಿಸಿ ತಂದು ಕತ್ತಿಗಳನ್ನು ಮಾಡುವುದು ಅವನ ಕಾಯಕ. ಬೋಲ್ಟಿನ ತೂತಿನ ಸುತ್ತ ನಾಲ್ಕು ಬೆರಳಷ್ಟು ಉಕ್ಕನ್ನು ಅವನು ಮುಟ್ಟುತ್ತಿರಲಿಲ್ಲ. ಬಂಡೆಗೆ ಬಡಿದ ಪೆಟ್ಟೆಲ್ಲ ಅಲ್ಲಿಯೇ ಸೇರಿರುತ್ತದೆಂಬುದು ಅವನ ಅನುಭವ.

ಸೀವುಡ್ಸ್‌ನಲ್ಲಿ ಹೋಟೆಲು ನಡೆಸುವ ಉಡುಪಿಯ ಜಯಶೀಲ ಶೆಟ್ಟರು ತಮ್ಮ ವೃದ್ಧ ತಾಯಿ ಶ್ರೀಮತಿಯಮ್ಮನಿಗೆ ಮೆಟ್ಟುಕತ್ತಿಯೊಂದನ್ನು ಮಾಡಿಕೊಡಲು ಹೇಳಿದ್ದರು. ಹಲಗೆಯನ್ನು ಕಾಲಿನಿಂದ ಮೆಟ್ಟಿ, ಎದ್ದುನಿಂತ ಅಲಗಿಗೆ ತರಕಾರಿಯನ್ನು ಒತ್ತಿ ಕೊಯ್ಯುವ ಸಾಧನವದು. ಅಲಗು ಮುರಿದರೆ ಒತ್ತುವ ಕೈಗೇ ಆಪತ್ತು. ಹಲಸು ಸೀಳುವಷ್ಟು ಉದ್ದವಿರಲೆಂದು ಕೇಳಿದ್ದರಿಂದ ಅಂಬಾರಾಯನು ಆ ಒಂದು ಸಲ ತೂತಿನ ಅಂಚಿನವರೆಗೂ ಪಟ್ಟಿಯನ್ನು ಕತ್ತರಿಸಿದನು.

ಕಾಸಿ ಬಡಿದು ಎಣ್ಣೆಯಲ್ಲಿ ಅದ್ದಿ ಹದಗೊಳಿಸಿದ ಅಲಗನ್ನು ದಾರಕ್ಕೆ ತೂಗುಬಿಟ್ಟು, ತಟ್ಟಿ ನಾದ ಕೇಳುವುದು ಹೆಂಡತಿ ಅನಸೂಯಾಳ ಪಾಲಿನ ಕೆಲಸ. ಒಯ್ಯಲು ಬಂದ ಶೆಟ್ಟರ ಎದುರಿಗೇ ಅವಳು ಎರಡು ಸಲ ತಟ್ಟಿ, ಇದನ್ನು ಕೊಡಲಾಗದೆಂದಳು.

“ಲೋಕಲ್ ಹೋಗ್ತಿತ್ತು. ನಿನ್ನ ಕಿವ್ಯಾಗ ಅದೇ ಗದ್ದಲ ತುಂಬ್ಯಾದ,” ಎಂದನು ಅಂಬಾರಾಯ.

“ಲೋಕಲ್ ಹೊರಗ ಹೋಯ್ತು. ಇದು ಒಳಗಿಂದೊಳಗ ಒಡಕ ಗಡಿಗಿ ನುಡದಂಗ ನುಡಿಲಾಕತ್ತದ.”

ಹೊಳೆಯುವ ಅಲಗಿನಲ್ಲಿ ಶೆಟ್ಟರಿಗೆ ಕೊರತೆಯೇನೂ ಕಾಣಲಿಲ್ಲ. “ಚಂದ ಉಂಟಲ್ಲ ಮಾರಾಯ್ರೆ, ಕೊಡಿ. ಅಮ್ಮ ಕಾಯ್ತಾ ಇದ್ದಾರೆ,” ಎಂದರು.

ಅಂಬಾರಾಯನ ಕಣ್ಣು ತೂತಿನ ಬದಿಯಿಂದ ಬಂದ ತುದಿಯ ಮೇಲೆ ನಿಂತಿತು. ಅವನು ಅಲಗನ್ನು ಇಕ್ಕಳಕ್ಕೆ ಬಿಗಿದು ಒಂದೇ ಏಟು ಹಾಕಿದನು. ಅದು ಎರಡಾಯಿತು. ಮುರಿದ ಮುಖದ ಬೂದು ಉಕ್ಕಿನ ನಡುವೆ ಉಗುರಿನಗಲದ ಕಪ್ಪು ಕಲೆಯಿತ್ತು. ಬಿರುಕು ಹಳೆಯದು, ಕುಲುಮೆಯ ಬೆಂಕಿಯುಂಡು ಕಪ್ಪಾಗಿತ್ತು.

“ತಪ್ಪು ನಂದ್ರೀ. ಉದ್ದದ ಆಸಿಗಿ ಬಿದ್ದು ಇದನ್ನ ನಿಮ್ಮ ಅವ್ವಗ ಕೊಡ್ತಿದ್ದೆ.”

ಶೆಟ್ಟರು ಆ ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

ಮೂರನೆಯ ದಿನ ನಾಲ್ಕು ಬೆರಳು ಗಿಡ್ಡವಾದ ಇನ್ನೊಂದು ಅಲಗು ಸಿದ್ಧವಾಯಿತು. ಅನಸೂಯಾ ತಟ್ಟಿದಾಗ ಅದರ ನಾದ ಎಳೆಎಳೆಯಾಗಿ ಬಹಳ ಹೊತ್ತು ನಿಂತಿತು. ಅಂಬಾರಾಯನೇ ಅದನ್ನು ಸೀವುಡ್ಸ್‌ಗೆ ಒಯ್ದನು. ಶ್ರೀಮತಿಯಮ್ಮ ಗಿಡ್ಡವಾಯಿತೆಂದು ಗೊಣಗುತ್ತಲೇ ಇಡೀ ಸೌತೆಕಾಯಿಯನ್ನು ಕೊಯ್ದು ಮುಗಿಸಿ, ಹೆಂಡತಿಗೆಂದು ಅವನ ಕೈಗೆ ಮಲ್ಲಿಗೆಯ ಚೆಂಡನ್ನಿತ್ತರು.

ಆ ಕುಲುಮೆಯ ಕೆಂಡ ಆರದಿರಲಿ. ಅನಸೂಯಾಳ ಕಿವಿ ಮಂದವಾಗದಿರಲಿ. ಅಂಬಾರಾಯನ ತೋಳಿಗೆ ಬಲವೂ ಅವನ ಮನೆಯವರಿಗೆಲ್ಲ ಅನ್ನ ಆಯುಷ್ಯಗಳೂ ಭಗವಂತನ ದಯೆಯಿಂದ ಕುಂದದೆ ಇರಲಿ.