ತಮ್ಮ ಹೊಲಕ್ಕೆ ಹೊಡೆಯದ ಎಣ್ಣೆ

ಬೇವಿನ ಬೀಜ ಕುಟ್ಟಿ ನೆನೆಹಾಕಿದ್ದ ನೀರನ್ನು ಇವತ್ತು ಬಟ್ಟೆಯಲ್ಲಿ ಸೋಸುವಾಗ ಆ ಘಾಟು ಮೂಗಿಗೆ ಬಡಿಯಿತು. ಕಂಪ್ಲಿಯ ಅಂಗಡಿಯವರು ನೆನಪಾದರು. ಬೆಳೆಗೆ ಹೊಡೆಯುವ ಔಷಧಿ ಮಾರುತ್ತಿದ್ದವರು. ನಮ್ಮ ಕಡೆ ಅದಕ್ಕೆ ಎಣ್ಣೆ ಎಂದೇ ಹೆಸರು. ಯಾವ ಹುಳುವಿಗೆ ಯಾವ ಎಣ್ಣೆ ಎಂಬುದರಲ್ಲಿ ನಮ್ಮೂರು ಮೆಟ್ರಿಯ ಎಷ್ಟೋ ಮನೆಗಳಿಗೆ ಅವರು ಹೇಳಿದ್ದೇ ಕೊನೆಯ ಮಾತು.

ಆ ವರ್ಷ ನಮ್ಮ ಮೆಣಸಿನ ಗಿಡಗಳಿಗೆ ಕಾಯಿಕೊರಕ ಹುಳು ಬಿದ್ದಿತ್ತು. ಅವರು ಕೊಟ್ಟ ಎಣ್ಣೆ ಎಷ್ಟು ಹೊಡೆದರೂ ಸಾಯಲಿಲ್ಲ. ಹೊಡೆದು ಬಂದ ನಮ್ಮ ಯಜಮಾನರೇ ಕಟ್ಟೆಯ ಮೇಲೆ ಬಿದ್ದು ವಾಂತಿ ಮಾಡಿಕೊಂಡರು. ಹೊಸಪೇಟೆಯ ಆಸ್ಪತ್ರೆಗೆ ಸೇರಿಸಬೇಕಾಯಿತು. ಅವರು ಚೇತರಿಸಿಕೊಂಡ ಮೇಲೆ ಅತ್ತೆ, ನಾನು ಅಂಗಡಿಗೆ ಹೋದೆವು. ಜಗಳಕ್ಕಲ್ಲ... ಇನ್ನೂ ಜೋರಾದ ಎಣ್ಣೆ ಕೇಳಲು. ಹೇಳಲು ನಾಚಿಕೆಯಾಗುತ್ತದೆ.

ಅತ್ತೆ ನಡೆದದ್ದನ್ನೆಲ್ಲ ಹೇಳಿದರು. ಕಪಾಟಿನತ್ತ ಕೈ ಚಾಚಿದ್ದ ಅಂಗಡಿಯವರು ಹಾಗೇ ನಿಂತುಬಿಟ್ಟರು. ಸುತ್ತ ಗಿರಾಕಿಗಳಿದ್ದರು.

“ಈ ಎಣ್ಣಿ ಬ್ಯಾಡ್ರಿ ಅಮ್ಮಾರ. ನನ್ನ ಹೊಲಕ್ಕ ನಾನು ಇದನ್ನ ಹೊಡೆಯಂಗಿಲ್ಲ. ಬೇವಿನ ಬೀಜದ ಕಷಾಯ ಹೊಡಿತೀನಿ” ಎಂದರು.

ಅತ್ತೆ ದನಿ ಏರಿಸಲಿಲ್ಲ. “ಹಂಗಾರ ನಮಗ್ಯಾಕ ಕೊಟ್ರಿ?”

ಅಂಗಡಿಯವರ ಮುಖ ಕಪ್ಪಿಟ್ಟಿತು. ಗಲ್ಲಾದ ಹಿಂದೆ ಕುಳಿತು ತಲೆ ತಗ್ಗಿಸಿದರು. ಅಷ್ಟು ದೊಡ್ಡ ಮನುಷ್ಯ ಹಾಗೆ ಕುಗ್ಗಿದ್ದನ್ನು ನೋಡಲಾರದೆ ನಾನು ಬೀದಿಯತ್ತ ತಿರುಗಿದೆ.

ಮರುದಿನ ಬೇವಿನ ಬೀಜದ ಚೀಲವನ್ನು ಬೈಕಿಗೆ ಕಟ್ಟಿಕೊಂಡು ನಮ್ಮ ಹೊಲಕ್ಕೇ ಬಂದರು. ಕುಟ್ಟಿ, ನೆನೆಹಾಕಿ ಹೋದರು. ಮತ್ತೆ ಬಂದು ಸೋಸಿ, ಬಿಸಿಲಿಳಿದ ಮೇಲೆ ಎಲೆಯ ಅಡಿಗೂ ತಾಗುವಂತೆ ತಾವೇ ಹೊಡೆದು ತೋರಿಸಿದರು. ಹುಳುಗಳು ಒಂದೇ ಸಲಕ್ಕೆ ಸಾಯಲಿಲ್ಲ. ಆದರೆ ಬರಬರುತ್ತ ಮೇಯುವುದನ್ನು ಬಿಟ್ಟವು. ಅರ್ಧದಷ್ಟು ಬೆಳೆ ಉಳಿಯಿತು. ಆಮೇಲೆ ಅಂಗಡಿಗೆ ಬಂದವರಿಗೆಲ್ಲ ಅವರು ಇದನ್ನೇ ಹೇಳತೊಡಗಿದರಂತೆ. ಕೆಲವರು ಕೇಳಿದರು, ಹೆಚ್ಚಿನವರು ಪಕ್ಕದ ಅಂಗಡಿಗೆ ಹೋದರು.

ಪ್ರತಿ ಹಂಗಾಮಿನಲ್ಲೂ ನಮ್ಮ ಹೊಲ ನೋಡಲು ಬರುತ್ತಿದ್ದರು. “ಒಳಗ ಬರ್ರಿ, ಕುಂದ್ರಿ, ಚಾ ಕುಡೀರಿ” ಎಂದು ಅತ್ತೆ ಕರೆದರೆ, ಇನ್ನೊಮ್ಮೆ ಬರುತ್ತೇನೆಂದು ಬದುವಿನ ಮೇಲಿಂದಲೇ ಹೊರಟುಬಿಡುತ್ತಿದ್ದರು. ಯಜಮಾನರು ಎದುರಾದರೆ ಅಂಗಡಿಯವರ ಕಣ್ಣು ಕೆಳಗಾಗುತ್ತಿತ್ತು...

ಹೋದ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ಹೋಗಿಬಂದ ಯಜಮಾನರು, “ಒಂದ್ ಸಲನಾರ ಕೈ ಹಿಡಿದು ಒಳಗ ಕರ್ಕೊಂಡು ಬರಬೇಕಿತ್ತು” ಎಂದರು.

ಕರೆಯುತ್ತಿದ್ದವರು ಅತ್ತೆಯೊಬ್ಬರೇ. ನಾವಿಬ್ಬರೂ ಒಂದು ದಿನವೂ ಕರೆದಿರಲಿಲ್ಲ.