ಪಿಳ್ಳಕ್ಕನ ಕಣ್ಣೆದುರು ಮುಖ ಬಿಡಿಸಿದ್ದು

ಹೋದ ವಾರ ಹೊಸಕೋಟೆಯ ಆಸ್ಪತ್ರೆಯಲ್ಲಿ ನನ್ನ ಮೊಣಕೈಗೆ ಅಂಟಿಸಿದ್ದ ಪಟ್ಟಿ ತೆಗೆಯಲು ಬಂದ ನರ್ಸಮ್ಮ, "ತಾತ, ನಿಧಾನಕ್ಕೆ ಕೀಳ್ಲಾ, ಒಂದೇ ಸಲ ಕಿತ್ತಾಕ್ಲಾ?" ಎಂದು ಕೇಳಿದಳು. ಅರ್ಧ ಆಯುಸ್ಸು ಬೇರೆಯವರ ಮುಖದ ಮೇಲೆ ಅಂಟಿಸಿದ್ದನ್ನು ಬಿಡಿಸಿದವನು ನಾನು. ಯಾರನ್ನೂ ಹಾಗೆ ಕೇಳಿದ ನೆನಪಿಲ್ಲ.

ಎಸ್ಸೆಸ್ಸೆಲ್ಸಿ ಮುಗಿಸಿ ಹಳ್ಳಿ ನಾಟಕಗಳಿಗೆ ಬಣ್ಣ ಹಚ್ಚಲು ಹೋದವನು ಹಾಗೇ ಉಳಿದೆ. ನಡುವೆ ಧಾರಾವಾಹಿಯವರ ಜೊತೆಗಿದ್ದು ರಬ್ಬರ್ ಹಾಲಿನಲ್ಲಿ ಮೂಗು, ಗದ್ದ, ಜೋತುಬಿದ್ದ ಕೆನ್ನೆ ಮಾಡುವುದನ್ನು ಕಲಿತೆ. ಕಲಿತೆ ಅನ್ನುವುದಕ್ಕಿಂತ ನೋಡಿ ಕದ್ದೆ ಅನ್ನಿ. ಅಚ್ಚಿಗೆ ಹೊಯ್ದು, ಒಣಗಿಸಿ, ಅಂಚನ್ನು ಈರುಳ್ಳಿ ಪೊರೆಯಷ್ಟು ತೆಳ್ಳಗೆ ಮಾಡಬೇಕು. ಅಂಚು ಕಂಡರೆ ಕೆಲಸ ಕೆಟ್ಟಂತೆ. ಹಚ್ಚುವಾಗ ಸುತ್ತ ಜನ ನಿಂತು ಭೇಷ್ ಅನ್ನುತ್ತಾರೆ. ಕೊಬ್ಬರಿ ಎಣ್ಣೆ ಸವರಿ ಬಿಡಿಸುವಾಗ ಪಕ್ಕದಲ್ಲಿ ನಾಯಿಯೂ ಇರುವುದಿಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಬಣ್ಣ ಹಚ್ಚಿಕೊಂಡವನನ್ನು ಅದು ಇಳಿಯುವ ತನಕ ಸ್ವಂತ ಹೆಸರಿನಿಂದ ಕರೆಯಬಾರದು, ಅವನೂ ಹೇಳಿಕೊಳ್ಳಬಾರದು. ಹೇಳಿದರೆ ವೇಷ ಕೆಡುತ್ತದೆ ಎಂದು ನನ್ನ ಗುರುಗಳು ನಂಬಿದ್ದರು. ಅದಕ್ಕೇ ನಾನು ಬೈಯುವಾಗಲೂ "ಮಹಾರಾಜ್ರೇ, ಸ್ವಲ್ಪ ಬಾಯಿ ಮುಚ್ಕೊಳಿ, ಅಂಟು ಒಣಗ್ಲಿ" ಎಂದೇ ಬೈಯುತ್ತಿದ್ದೆ.

ಎರಡು ವರ್ಷದ ಹಿಂದೆ ನಂದಗುಡಿ ಕಡೆಯ ಮುನಿರಾಜು ಊರ ನಾಟಕದಲ್ಲಿ ಮುದಿ ರಾಜನ ಪಾತ್ರ ಹಿಡಿದ. ಅವನಪ್ಪ ವೆಂಕಟಪ್ಪ ನಮ್ಮ ಹಾರ್ಮೋನಿಯಂ ಮೇಷ್ಟ್ರು, ನನ್ನ ಜೀವದ ಗೆಳೆಯ, ತೀರಿಕೊಂಡಿದ್ದ. ಮುದುಕನ ಮುಖ ಮಾಡಲು ಕೂತರೆ ನನ್ನ ಬೆರಳಿಗೆ ಬಂದದ್ದು ವೆಂಕಟಪ್ಪನ ಮುಖವೇ. ಬೇಕಂತಲೇ ಮಾಡಿದೆನೋ, ತಾನಾಗಿ ಬಂತೋ, ಇವತ್ತಿಗೂ ತಿಳಿಯದು. ಬಂದಮೇಲೆ ಮಾತ್ರ ಹೆಮ್ಮೆಪಟ್ಟೆ, ಅದು ಸುಳ್ಳಲ್ಲ.

ನಾಟಕಕ್ಕೆ ಮುಂಚಿನ ಒಂದು ಬೆಳಗ್ಗೆ ಡೈರಿಗೆ ಹಾಲು ಹಾಕಿ ಬಂದ ಮುನಿರಾಜುವನ್ನು ಅವರ ಜಗಲಿಯಲ್ಲೇ ಕೂರಿಸಿ ಆ ಮುಖ ಅಂಟಿಸಿ ನೋಡಿದೆ. ಮುಗಿಯುವ ಹೊತ್ತಿಗೆ ಅವನ ತಾಯಿ ಪಿಳ್ಳಕ್ಕ ಒಳಗಿನಿಂದ ಬಂದಳು. ಆಗಲೇ ಅವಳಿಗೆ ಮರೆವು ಹಿಡಿದಿತ್ತು.

"ಈಗ್ ಬಂದ್ರಾ? ಎಲ್ಲೋಗಿದ್ರಿ ಇಷ್ಟ್ ದಿನ?" ಎಂದಳು ಮಗನಿಗೆ.

ಮುನಿರಾಜು ನನ್ನ ಮುಖ ನೋಡಿದ. "ಅಮ್ಮ, ನಾನು" ಎನ್ನಲು ಬಾಯಿ ತೆರೆದವನಿಗೆ ನಾನು ಬೇಡವೆಂದು ತಲೆಯಾಡಿಸಿದೆ. ಪದ್ಧತಿ ಎಂದುಕೊಂಡೆ. ಆದರೆ ನನಗೆ ಬೇಕಾಗಿದ್ದದ್ದು, ಹೆಂಡತಿಯೇ ಗಂಡನೆಂದು ನಂಬಿದಳು ಎಂಬ ಬಿರುದು.

ಅವಳು ಪಕ್ಕದಲ್ಲಿ ಕೂತು ಹಸು ಕರು ಹಾಕಿದ್ದು, ಹುಣಸೆ ಮರ ಕಡಿದದ್ದು ಎಲ್ಲ ಹೇಳಿದಳು. ನಡುವೆ, "ಮುನಿ ಒಳ್ಳೇವ್ನು ಕಣ್ರೀ, ಬಾಯಿ ಜೋರು ಅಷ್ಟೆ" ಎಂದು ಮಗನ ಮುಂದೆ ಮಗನನ್ನೇ ಹೊಗಳಿದಳು. ಬಿಸಿಲೇರಿತು. ರಬ್ಬರಿನೊಳಗೆ ಬೆವರು. "ಮಾಮ, ಉರೀತೈತೆ, ತಡ್ಕೊಳಾಕಾಗಲ್ಲ" ಎಂದು ಅವನು ಪಿಸುಗುಟ್ಟಿದ. ನಾನು ಅವನನ್ನು ಹಿತ್ತಲಿಗೆ ಕರೆದೊಯ್ಯಬೇಕಿತ್ತು. ಕೈ ರೂಢಿ ನೋಡಿ, ಕೂತಲ್ಲೇ ದವಡೆಯಂಚಿಗೆ ಎಣ್ಣೆ ಬಿಟ್ಟು ಉಗುರು ತೂರಿಸಿ ಎಳೆದೆ.

"ಅಯ್ಯೋ, ನೋಯ್ತದೆ ಬಿಡಪ್ಪಾ ಅವ್ರಿಗೆ!" ಎಂದು ಪಿಳ್ಳಕ್ಕ ನನ್ನ ಕೈ ಹಿಡಿದಳು. ಅಷ್ಟರಲ್ಲಿ ಗಂಡನ ಕೆನ್ನೆ ನನ್ನ ಕೈಯಲ್ಲಿ ಜೋತಾಡುತ್ತಿತ್ತು. ಅದರ ಕೆಳಗಿದ್ದ ಮಗನ ಮುಖ ಕಂಡು ಅವಳು ಕಿರುಚಿ ಒಳಗೋಡಿದಳು.

ಅಂದಿನಿಂದ ಮುನಿರಾಜು ಕೊಟ್ಟ ಅನ್ನ ನೀರು ಅವಳು ಮುಟ್ಟಲಿಲ್ಲ. ಸೊಸೆಯ ಕೈಯಲ್ಲೇ ಊಟ, ಅವನು ಬಂದರೆ ಬಾಗಿಲ ಹಿಂದೆ ಅಡಗಿ, "ಇದೂ ಅಂಟ್ಸಿದ್ ಮುಖಾನೇ" ಅನ್ನುತ್ತಿದ್ದಳಂತೆ. ಅವನು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಸುಲಭವಿತ್ತು. ನಾನೇ ಆ ಕಡೆಯ ಬಸ್ಸು ಹತ್ತುವುದನ್ನು ಬಿಟ್ಟೆ.

ಹೋದ ವಾರ ಪಟ್ಟಿ ತೆಗೆಸಿಕೊಂಡವನು ಆಸ್ಪತ್ರೆಯಿಂದ ಮನೆಗೆ ಹೋಗದೆ ನಂದಗುಡಿ ಬಸ್ಸು ಹತ್ತಿದೆ. ಪಿಳ್ಳಕ್ಕ ಜಗಲಿಯಲ್ಲಿದ್ದಳು, ಅವಳಿಗೆ ನನ್ನ ಗುರುತು ಹತ್ತಲಿಲ್ಲ. "ಅಕ್ಕ, ತಪ್ಪಾಯ್ತು" ಎಂದೆ. ಅವಳು ನನ್ನ ದವಡೆಯಂಚಿಗೆ ಉಗುರು ತಂದು, ಕಿವಿಯಿಂದ ಗದ್ದದ ತನಕ ಗೀರಿ ನೋಡಿದಳು. ಹಲ್ಲಿಲ್ಲದ ನನ್ನ ಮುಖಕ್ಕೆ ಈಗ ಯಾವ ಅಚ್ಚೂ ಬೇಡ.

"ಇದು ಕಿತ್ಕಂಡ್ ಬರಲ್ವಾ?"

"ಇಲ್ಲಕ್ಕ, ನಂದೇ."

ಕೊಟ್ಟಿಗೆಯಿಂದ ಬಂದ ಮುನಿರಾಜುವನ್ನು ಕಂಡು ಅವಳು ಒಳಹೋಗಲು ಎದ್ದಳು. "ಅವ್ನದೂ ನೋಡ್ಬುಡಕ್ಕ" ಎಂದೆ. ಅವನು ಮೆಲ್ಲಗೆ ಕೆಳಗೆ ಕೂತು ಗದ್ದ ಎತ್ತಿದ. ಅವಳು ಅವನ ದವಡೆಯ ಎರಡೂ ಕಡೆ ಅಂಚು ಹುಡುಕಿದಳು, ಬಹಳ ಹೊತ್ತು.

"ಪಾಪ, ಇವ್ನಿಗೂ ಅಂಟ್ಕಂಡ್ಬುಟ್ಟೈತೆ. ಉರೀತೈತೇನಪ್ಪಾ?"

"ಇಲ್ಲಮ್ಮ" ಎಂದ ಅವನು. ಸೊಸೆ ತಂದ ಮಜ್ಜಿಗೆಯನ್ನು ಅವನೇ ಹಿಡಿದು ಮುಂದೆ ಮಾಡಿದ. ಅವಳು ಒಂದಿಷ್ಟು ಅವನ ಕೆನ್ನೆಗೆ ತಂಪಾಗಲೆಂದು ಸವರಿ, ಉಳಿದದ್ದನ್ನು ಕುಡಿದಳು.

ಅವಳು ಮಗನನ್ನು ಗುರುತಿಸಿದಳೋ, ಯಾರೋ ಅಂಟಿಕೊಂಡ ಮುಖದ ಬಡಪಾಯಿಯೆಂದು ಕನಿಕರಿಸಿದಳೋ ನನಗೆ ಗೊತ್ತಾಗಲಿಲ್ಲ. ಮುನಿರಾಜು ಮಜ್ಜಿಗೆ ಒರೆಸಿಕೊಳ್ಳದೆ ಹಾಗೇ ಕೂತಿದ್ದ.