ಬಾಗಿಲ ಮೇಲೆ ಬರೆಯದ ಹೆಸರು

ನಮ್ಮ ಕನ್ನಡ ಗುರುಗಳ ನೀಲಿ ಅಂಗಿಯ ಕಿಸೆ ಎಷ್ಟು ತಿಕ್ಕಿ ಒಗೆದರೂ ಬೆಳ್ಳಗೇ ಇರುತ್ತಿತ್ತು. ಎಲ್ಲರೂ ಪೆನ್ನು ಸಿಗಿಸುವ ಕಡೆ ಅವರು ಖಡು, ಅಂದರೆ ಸೀಮೆಸುಣ್ಣದ ತುಂಡು ಇಡುತ್ತಿದ್ದರು. ರಿಟೈರ್ ಆದ ಮೇಲೂ ಬಿಡಲಿಲ್ಲ.

ಏಳನೇ ಇಯತ್ತೆಯಲ್ಲಿ ಒಮ್ಮೆ ‘ಸಂಘಟಿಸು’ ಅನ್ನುವುದಕ್ಕೆ ಅರ್ಥ ಬರೆಯಲು ಹೇಳಿದರು. ‘ಜನರನ್ನು ಒಂದೆಡೆ ಸೇರಿಸು’ ಎಂದು ಬರೆದು ಶಾಬಾಸ್‌ಗಿರಿಗೆ ಕಾಯುತ್ತ ನಿಂತೆ. ಗುರುಗಳು ಕಾಟು ಹೊಡೆದರು.

“ಮಂದಿ ಕೂಡಿದ್ರ ಸಂತಿ ಆಗತೈತಿ, ತಂಗಿ. ಯಾರ್ ಯಾವ ಕೆಲಸಾ ಮಾಡಬೇಕಂತ ಒಬ್ಬೊಬ್ಬರಿಗೂ ಗೊತ್ತಾದ್ರ, ಅದು ಸಂಘಟಿಸೂದು.”

ನನಗೆ ಸಿಟ್ಟೇ ಬಂತು. ಶಬ್ದಕೋಶದಲ್ಲಿ ಇದ್ದದ್ದು ನನ್ನ ಅರ್ಥವೇ ತಾನೆ!

ಅದೇ ಮಳೆಗಾಲ ಕೃಷ್ಣೆ ಏರಿತು. ಅಂಕಲಿ ಹತ್ತಿರದ ನಮ್ಮೂರಿಗೆ ಹೊಳೆ ಹೊಸತಲ್ಲ. ಆದರೆ ಆ ಸಲ ನೀರು ಕಬ್ಬಿನ ಹೊಲ ದಾಟಿ ಓಣಿಗೇ ನುಗ್ಗುವ ಹಾಗಿತ್ತು. ಡಂಗುರ ಕೇಳಿ ಮಂದಿಯೆಲ್ಲ ಕಟ್ಟೆಗೆ ಬಂದು ಮಾತಾಡುತ್ತ ನಿಂತರು. ಗುರುಗಳು ಮಾತ್ರ ಬಾಗಿಲು ಬಾಗಿಲಿಗೆ ಖಡುವಿನಿಂದ ಬರೆಯುತ್ತ ಹೋದರು. ಒಂದಕ್ಕೆ ‘ಟ್ರ್ಯಾಕ್ಟರ್’, ಇನ್ನೊಂದಕ್ಕೆ ‘ಹಗ್ಗ’, ನಮ್ಮ ಮನೆಗೆ ‘ಎಮ್ಮಿ ಬಿಚ್ಚೂದು’. ದರ್ಜಿ ಚಾಚಾನ ಬಾಗಿಲಿಗೆ ಎದುರು ಮನೆ ಮುದುಕಿಯ ಹೆಸರು. ಮಡಿ ಮಡಿ ಎಂದು ಚಾಚಾನನ್ನು ಕಂಡರೆ ದೂರ ಸರಿಯುತ್ತಿದ್ದ ಆ ಅಜ್ಜಿ, ಅವನ ಬೆನ್ನೇರಿ ದಿಬ್ಬದ ಮೇಲಿನ ಶಾಲೆ ಮುಟ್ಟುವತನಕ ಕೊರಳು ಬಿಡಲಿಲ್ಲ. ಸಂಜೆಯೊಳಗೆ ಊರಲ್ಲಿ ಒಂದು ಕರುವೂ ಉಳಿದಿರಲಿಲ್ಲ.

ಈಗ ನಾನು ಪಂಚಾಯ್ತಿ ಮೆಂಬರು. ಕೈಯಲ್ಲಿ ಫೋನು, ಬಾಯಲ್ಲಿ ಭಾಷಣ. ಈಚೆಗೆ ಹೊಳೆ ಮತ್ತೆ ಏರಿದಾಗ ಮುಂಜಾನೆ ಚಹಾ ಕುಡಿಯುತ್ತಲೇ ವಾಟ್ಸಾಪ್ ಗ್ರೂಪಿಗೆ ಹಾಕಿದೆ: ಎಲ್ಲರೂ ಸಂಘಟಿತರಾಗಿ ಶಾಲೆಗೆ ಹೊರಡಿ, ವಯಸ್ಸಾದವರನ್ನು ಕರೆತನ್ನಿ. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ನನಗೆ ಸಮಾಧಾನವಾಯಿತು.

ಮಧ್ಯಾಹ್ನ ಶಾಲೆಯಲ್ಲಿ ಊಟಕ್ಕೆ ಬಡಿಸುವಾಗ ನೋಡಿದರೆ ಗುರುಗಳೇ ಇಲ್ಲ. ಮೊಣಕಾಲು ಸೋತ ಒಂಟಿ ಮನುಷ್ಯ. ಎಡಮನೆಯವರು ಕರೆತಂದಿರಬೇಕು ಎಂದು ಬಲಮನೆಯವರು, ಬಲಮನೆಯವರು ಕರೆತಂದಿರಬೇಕು ಎಂದು ಎಡಮನೆಯವರು. ಇಬ್ಬರಲ್ಲಿ ಒಬ್ಬರು ಕರೆತಂದೇ ಇರುತ್ತಾರೆ ಎಂದು ನಾನು. ದೋಣಿ ಹೋದಾಗ ಎದೆಮಟ್ಟದ ನೀರಿನಲ್ಲಿ ಕಿಟಕಿಯ ಸರಳು ಹಿಡಿದು ನಿಂತಿದ್ದರಂತೆ.

ಕರೆತಂದ ಮೇಲೆ ಎರಡು ಕಂಬಳಿ ಹೊದಿಸಿದರೂ ನಡುಗುತ್ತಿದ್ದರು. ನಾನು ಕಾಲು ಹಿಡಿದುಕೊಂಡು ಅತ್ತೆ. ನಾಲ್ಕು ಬೈದಿದ್ದರೆ ಹಗುರಾಗುತ್ತಿದ್ದೆ. ಬೈಯಲಿಲ್ಲ. ನೋಟ್‌ಬುಕ್ ತಿದ್ದುವಾಗಿನ ದನಿಯಲ್ಲೇ ಕೇಳಿದರು.

“ನನ್ನ ಹೆಸರ ಯಾರ ಬಾಗಿಲಕ ಬರದಿದ್ದಿ, ತಂಗಿ?”

ಗುರುಗಳ ಜ್ವರ ಎದೆಗಿಳಿಯಿತು. ಮೂರು ವಾರ ಆಸ್ಪತ್ರೆಯಲ್ಲಿದ್ದು ಹೋಗಿಬಿಟ್ಟರು. ವಯಸ್ಸಾಗಿತ್ತಲ್ಲ ಅಂತ ಊರವರು ನನ್ನನ್ನು ಸಮಾಧಾನ ಮಾಡುತ್ತಾರೆ.

ಈಗ ಮಳೆ ಹಿಡಿಯಿತೆಂದರೆ ಖಡು ಹಿಡಿದು ಓಣಿ ಓಣಿ ತಿರುಗುತ್ತೇನೆ. ಮೆಂಬರ್‌ಬಾಯಿಗೆ ತಲೆ ಕೆಟ್ಟಿದೆ ಎಂದು ನಗುವವರಿದ್ದಾರೆ, ನಗಲಿ. ಶುರು ಮಾಡುವುದು ನನ್ನ ಮನೆಯಿಂದ. ಅಲ್ಲಿ ಖಡು ಎತ್ತಿದಾಗಲೆಲ್ಲ ಗುರುಗಳು ಕೇಳಿದ್ದಕ್ಕೆ ಉತ್ತರ ಕಾಣುತ್ತದೆ. ಅವರ ಹೆಸರು ಇರಬೇಕಾಗಿದ್ದದ್ದು ನನ್ನ ಬಾಗಿಲ ಮೇಲೆ.